ಮೆರೂನ್ ಪದ್ಮಿನಿಯ ಎಂಬತ್ತು ಮೈಕ್ರಾನ್

ಕಾರಿನ ಗುರುತು ಸಿಗದಂತೆ ಊರಿನ ಹೆಸರನ್ನು ಬಿಟ್ಟಿದ್ದೇನೆ, ಮನೆಯವರ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಅಳತೆಗಳು, ತಪ್ಪುಗಳು ಮತ್ತು ಅವು ನಡೆದ ಕ್ರಮ, ಕಾರುಗಳ ಬಣ್ಣಕ್ಕೆ ಪಾಲಿಶ್ ಮಾಡುವ ನನ್ನ ಕೆಲಸದ ಪುಸ್ತಕದಲ್ಲಿ ಇದ್ದಂತೆಯೇ ಇವೆ.

ಕಾರು ಬಂದ ಬಗೆ

ಮಲೆನಾಡಿನ ಅಡಿಕೆ ತೋಟದ ಮನೆಯೊಂದರಿಂದ ಆ ಪ್ರೀಮಿಯರ್ ಪದ್ಮಿನಿ ಮೈಸೂರಿನ ನಮ್ಮ ಶೆಡ್ಡಿಗೆ ಬಂದದ್ದು ಲಾರಿಯ ಮೇಲೆ. ಎಂಜಿನ್ ಓಡುತ್ತಿತ್ತು, ಆದರೆ ಬ್ರೇಕನ್ನು ನಂಬಿ ಘಾಟಿ ಇಳಿಸುವ ಧೈರ್ಯ ಯಾರಿಗೂ ಇರಲಿಲ್ಲ. 1970ರ ದಶಕದ ಕೊನೆಯ ಗಾಡಿ. ಮುಂಬೈಯ ಕುರ್ಲಾದಲ್ಲಿ ಫಿಯಟ್ 1100 ಡಿಲೈಟ್ ಎಂದು ತಯಾರಾಗುತ್ತಿದ್ದ ಕಾರಿಗೆ ಪದ್ಮಿನಿ ಎಂಬ ಹೆಸರು ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಮನೆಯವರು ಮಾತ್ರ ಈಗಲೂ ಅದನ್ನು ಫಿಯಟ್ ಎಂದೇ ಕರೆಯುತ್ತಾರೆ.

ಕಾರಿನ ಒಡತಿ ನಿವೃತ್ತ ಕಾಲೇಜು ಅಧ್ಯಾಪಕಿ. ಅವರ ತಂದೆ ಹಳ್ಳಿಯ ವೈದ್ಯರು. ರಾತ್ರಿ ಹೊತ್ತು ರೋಗಿಗಳ ಮನೆಗೆ ಹೋಗಿ ಬರುತ್ತಿದ್ದುದು ಇದೇ ಕಾರಿನಲ್ಲಿ. ಅವರು ತೀರಿಕೊಂಡ ಮೇಲೆ ಕಾರು ಅಕ್ಕನ ಪಾಲಿಗೆ ಬಂತು, ಅದು ನಿಂತಿದ್ದ ತೋಟದ ಮನೆ ತಮ್ಮನ ಪಾಲಿಗೆ. ತಮ್ಮನ ಮಗಳ ಮದುವೆ ಐದು ವಾರಗಳಲ್ಲಿತ್ತು. ಮದುಮಕ್ಕಳು ಅಜ್ಜನ ಕಾರಿನಲ್ಲಿಯೇ ಮಂಟಪಕ್ಕೆ ಬರಬೇಕು ಎನ್ನುವುದು ಇಬ್ಬರೂ ಒಪ್ಪಿದ ಮಾತು. ಬಣ್ಣದ ವಿಷಯದಲ್ಲಿ ಮಾತ್ರ ಒಪ್ಪಿಗೆಯಿರಲಿಲ್ಲ.

ತಮ್ಮನ ಕೈಯಲ್ಲಿ ಬೇರೊಂದು ಗ್ಯಾರೇಜಿನ ಕೊಟೇಶನ್ ಇತ್ತು. ಹಳೆಯ ಬಣ್ಣ ಪೂರ್ತಿ ತೆಗೆದು ಪಿಯು (ಪಾಲಿಯುರೆಥೇನ್) ಪೇಂಟ್ ಹೊಡೆದು ಕೊಡಲು ತೊಂಬತ್ತು ಸಾವಿರ ರೂಪಾಯಿ. ಅಕ್ಕನದು ಒಂದೇ ಮಾತು: "ಅಪ್ಪ ಒರೆಸುತ್ತಿದ್ದ ಬಣ್ಣ ಇದು. ಇದರಲ್ಲಿ ಎಷ್ಟು ಉಳಿಯುತ್ತದೋ ಅಷ್ಟನ್ನು ಉಳಿಸಿಕೊಡಿ."

ಕಾರನ್ನು ಇಳಿಸಿ ನೋಡಿದಾಗ ತಮ್ಮನ ಮಾತೇ ಸರಿ ಎನ್ನಿಸುವಂತಿತ್ತು. ಮೆರೂನ್ ಬಣ್ಣ ಎಂದು ಆರ್‌ಸಿ ಪುಸ್ತಕ ಹೇಳುತ್ತಿತ್ತು. ಟಾಪ್ ನೋಡಿದರೆ ಒಣಗಿದ ಇಟ್ಟಿಗೆ ಪುಡಿ ಚೆಲ್ಲಿದಂತೆ. ಬಾನೆಟ್ಟಿನ ಮೇಲೆ ಬಾವಲಿ ಹಿಕ್ಕೆಯ ಕಲೆಗಳು, ಡಿಕ್ಕಿಯ ಮೇಲೆ ಹಲಸಿನ ಮೇಣ. ಎಡಪಕ್ಕ ಮಾತ್ರ ಗೋಡೆಯ ಕಡೆಗೆ ನಿಂತಿದ್ದರಿಂದ ಬಿಸಿಲು ತಾಗದೆ, ಧೂಳಿನ ಅಡಿಯಲ್ಲಿ ತಕ್ಕಮಟ್ಟಿಗೆ ಕಡುಗೆಂಪಾಗಿಯೇ ಉಳಿದಿತ್ತು. ಒಂದೇ ಕಾರಿನ ಎರಡು ಮಗ್ಗುಲಿಗೆ ಇಪ್ಪತ್ತು ವರ್ಷದ ಅಂತರ.

ಈ ಬಣ್ಣದ ಸ್ವಭಾವ

ಹೊಸ ಕಾರುಗಳ ಪಾಲಿಶ್ ಮಾಡಿ ಕೈ ಪಳಗಿದವರಿಗಾಗಿ ಇಲ್ಲಿ ಸ್ವಲ್ಪ ವಿವರಿಸಬೇಕು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಜಗತ್ತಿನಾದ್ಯಂತ ಅದು ಹರಡತೊಡಗಿದ್ದು 1980ರ ದಶಕದಲ್ಲಿ. ನಾವು ಉಜ್ಜುವುದು ಆ ಪದರವನ್ನು, ಬಣ್ಣವನ್ನಲ್ಲ. ಅಂಥ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತು ಎಂದರೆ ಎದೆ ಧಸಕ್ಕೆನ್ನುತ್ತದೆ, ಕೈ ತಾನಾಗಿ ಯಂತ್ರ ನಿಲ್ಲಿಸುತ್ತದೆ.

ಸಿಂಗಲ್ ಸ್ಟೇಜ್ ಬಣ್ಣದಲ್ಲಿ ಆ ಪದರವೇ ಇಲ್ಲ. ಬಣ್ಣದ ಪುಡಿಯೂ ಅದನ್ನು ಹಿಡಿದಿಡುವ ರಾಳವೂ ಒಂದೇ ಪದರದಲ್ಲಿ ಬೆರೆತಿರುತ್ತವೆ. ಬಿಸಿಲಿನ ನೇರಳಾತೀತ ಕಿರಣಗಳು ಮೇಲ್ಭಾಗದ ರಾಳವನ್ನು ಕೆಡಿಸಿದಾಗ ಹಿಡಿತ ತಪ್ಪಿದ ಪುಡಿ ಸುಣ್ಣದಂತೆ ಮೇಲೆ ಕೂರುತ್ತದೆ. ಬೆರಳಿಂದ ಸವರಿದರೆ ಬೆರಳು ಕೆಂಪು. ಪಾಲಿಶ್ ಎಂದರೆ ಈ ಸತ್ತ ಪುಡಿಯನ್ನು ತೆಗೆದು ಅಡಿಯ ಆರೋಗ್ಯವಾದ ಬಣ್ಣವನ್ನು ಹೊರಗೆ ತರುವುದು. ಇದರಲ್ಲಿ ಒಂದು ಅಪಾಯವಿದೆ. ಮೊದಲ ಉಜ್ಜಿಗೂ ಪ್ಯಾಡಿಗೆ ಬಣ್ಣ ಹತ್ತುತ್ತದೆ, ಕೊನೆಯ ಉಜ್ಜಿಗೂ ಹತ್ತುತ್ತದೆ, ಬಣ್ಣದ ಅಡಿಯ ತಳಪದರವಾದ ಪ್ರೈಮರ್ ಕಾಣಿಸುವ ಒಂದು ಕ್ಷಣ ಮೊದಲೂ ಅದೇ ಬಣ್ಣ ಹತ್ತುತ್ತದೆ. ಯಾವಾಗಲೂ ಬಾರಿಸುತ್ತಿರುವ ಗಂಟೆ ಎಚ್ಚರಿಕೆ ಕೊಡುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮೊದಲ ದಿನ ಏನಾಯಿತು ಎಂಬುದನ್ನು ಮುಂದೆ ಹೇಳುತ್ತೇನೆ.

ಪರೀಕ್ಷೆಗಳು

ಮೊದಲು ಬಿಳಿ ಬಟ್ಟೆಯ ಪರೀಕ್ಷೆ. ಡಿಕ್ಕಿಯ ಒಳ ಅಂಚಿನಲ್ಲಿ ಚೂರು ಪಾಲಿಶ್ ಹಚ್ಚಿ ಉಜ್ಜಿದಾಗ, ಎಲೆಅಡಿಕೆ ಹಾಕಿದವರು ಬಾಯಿ ಒರೆಸಿಕೊಂಡಂತೆ ಬಟ್ಟೆ ಕೆಂಪಾಯಿತು. ಕ್ಲಿಯರ್ ಕೋಟ್ ಇಲ್ಲ ಎಂಬುದು ಖಚಿತವಾಯಿತು.

ಆಮೇಲೆ ಬಣ್ಣದ ದಪ್ಪ ಅಳೆಯುವ ಥಿಕ್‌ನೆಸ್ ಗೇಜ್. ಟಾಪ್‌ನಲ್ಲಿ 76ರಿಂದ 84 ಮೈಕ್ರಾನ್, ಬಾನೆಟ್ಟಿನಲ್ಲಿ 82ರಿಂದ 95, ಎಡ ಬಾಗಿಲುಗಳಲ್ಲಿ 105ರಿಂದ 115. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಒಂದು ತಲೆಗೂದಲಿನ ದಪ್ಪವೇ 50ರಿಂದ 100 ಮೈಕ್ರಾನ್ ಇರುತ್ತದೆ. ಗೇಜ್ ತಗಡಿನ ಮೇಲಿರುವ ಎಲ್ಲವನ್ನೂ ಕೂಡಿಸಿ ಹೇಳುತ್ತದೆ, ಪ್ರೈಮರ್ ಎಷ್ಟು ಬಣ್ಣ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಅಂಚುಗಳಲ್ಲಿ, ಚೂಪಾದ ತಿರುವುಗಳಲ್ಲಿ ಅದರ ಮಾತನ್ನು ನಂಬುವಂತೆಯೂ ಇಲ್ಲ. ಬಣ್ಣ ಅತ್ಯಂತ ತೆಳುವಾಗಿರುವುದು ಅಂಥ ಜಾಗದಲ್ಲಿಯೇ.

ಚಾಲಕನ ಬಾಗಿಲಿಗೆ ಗೇಜ್ ಇಟ್ಟಾಗ 260 ತೋರಿಸಿತು, ಕೆಳಭಾಗದಲ್ಲಿ 340. ಪುಟ್ಟಿ ಹಾಕಿ ಮತ್ತೆ ಬಣ್ಣ ಹೊಡೆದ ಬಾಗಿಲು. ರಬ್ಬರ್ ಬೀಡಿಂಗಿನ ಅಡಿಯಲ್ಲಿ ಕಣ್ಣಿಗೆ ಕಾಣದ ಕಡೆ ಥಿನ್ನರಿನಲ್ಲಿ ಅದ್ದಿದ ಹತ್ತಿಯನ್ನು ಕೆಲವೇ ಸೆಕೆಂಡ್ ಒತ್ತಿ ನೋಡಿದೆ. ಬಾಗಿಲಿನ ಬಣ್ಣ ಕರಗಿ ಹತ್ತಿಗೆ ಬಂತು. ಉಳಿದ ಮೈಯಲ್ಲಿ ಅದೇ ಪರೀಕ್ಷೆ ಮಾಡಿದಾಗ ಕರಗಲಿಲ್ಲ. ಅಂದರೆ ಬಾಗಿಲು ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣ. ಮೈಯ ಉಳಿದ ಭಾಗ ಎನಾಮಲ್ ಜಾತಿಯದು. ಹೊರಗಿನಿಂದ ಎರಡೂ ಮೆರೂನ್, ಎರಡೂ ಸಿಂಗಲ್ ಸ್ಟೇಜ್. ಒಂದು ಥಿನ್ನರಿಗೂ ಬಿಸಿಗೂ ಮೆತ್ತಗಾಗುತ್ತದೆ, ಇನ್ನೊಂದು ಹಾಗಲ್ಲ. ಈ ಪರೀಕ್ಷೆ ಮಾಡದೆ ಇಡೀ ಕಾರಿನ ಮೇಲೆ ಒಂದೇ ಯಂತ್ರ ಓಡಿಸಿದ್ದರೆ ಆ ಬಾಗಿಲು ಕೈಬಿಟ್ಟು ಹೋಗುತ್ತಿತ್ತು.

ಒಡತಿಗೆ ಫೋನ್ ಮಾಡಿ ಬಾಗಿಲಿನ ಕತೆ ಕೇಳಿದೆ. ಅವರು ನಕ್ಕರು. ಒಂದು ಮಳೆಗಾಲದ ರಾತ್ರಿ ಹೆರಿಗೆಯೊಂದಕ್ಕೆ ಹೊರಟ ಅವಸರದಲ್ಲಿ ಅಪ್ಪ ಗೇಟಿನ ಕಲ್ಲುಕಂಬಕ್ಕೆ ಉಜ್ಜಿದ್ದರಂತೆ. ಪಕ್ಕದ ಪೇಟೆಯ ಪೇಂಟರ್ ಡ್ಯೂಕೋ ಹೊಡೆದುಕೊಟ್ಟಿದ್ದ. ಆಗಿನಿಂದ ಆ ಬಾಗಿಲು ಒಂದು ಛಾಯೆ ಕಂದು.

ಡ್ಯೂಕೋ ಎಂದದ್ದಕ್ಕೆ ಒಂದು ಮಾತು. ನಮ್ಮ ಹಳೆಯ ಗ್ಯಾರೇಜುಗಳಲ್ಲಿ ಕಾರಿಗೆ ಗನ್ನಿನಿಂದ ಹೊಡೆಯುವ ಬಣ್ಣಕ್ಕೆಲ್ಲ ಈ ಹೆಸರು. ಮೂಲತಃ ಅದು ಅಮೆರಿಕದ ಡುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ಎನ್‌ಸಿ ಬಣ್ಣದ ವ್ಯಾಪಾರದ ಹೆಸರು. ಅದಕ್ಕೂ ಮುಂಚೆ ಕುಂಚದಿಂದ ವಾರ್ನಿಶ್ ಹಚ್ಚಿ ಒಣಗಿಸುತ್ತ ಒಂದು ಕಾರಿಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕಾಗುತ್ತಿತ್ತು. ಡ್ಯೂಕೋ ಗಂಟೆಗಳಲ್ಲಿ ಒಣಗುತ್ತಿತ್ತು. ಬೇಗ ಒಣಗುವ ಆ ಗುಣದಿಂದಲೇ ಮಲೆನಾಡಿನ ಜಿಟಿಜಿಟಿ ಮಳೆಯ ನಡುವೆ ವೈದ್ಯರ ಕಾರು ಬೇಗ ರಸ್ತೆಗೆ ಮರಳಿದ್ದಿರಬೇಕು.

ಮೊದಲ ದಿನದ ತಪ್ಪು

ತೊಳೆದದ್ದಾಯಿತು. ಹಲಸಿನ ಮೇಣಕ್ಕೆ ಥಿನ್ನರ್ ಮುಟ್ಟಿಸಲಿಲ್ಲ. ಹಣ್ಣು ಬಿಡಿಸುವವರು ಕೈಗೆ ಹಚ್ಚಿಕೊಳ್ಳುವ ಕೊಬ್ಬರಿ ಎಣ್ಣೆಯನ್ನೇ ಹಚ್ಚಿ ಅರ್ಧ ಗಂಟೆ ಬಿಟ್ಟು ಬಟ್ಟೆಯಲ್ಲಿ ಎತ್ತಿದೆವು. ಅಲ್ಲಿಯವರೆಗೆ ಎಲ್ಲವೂ ಸರಿ.

ಐದು ವಾರಗಳಲ್ಲಿ ಒಂದು ವಾರ ಲಾರಿ, ಬ್ರೇಕು, ತೊಳೆತದಲ್ಲಿ ಹೋಗಿತ್ತು. ತಮ್ಮ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರು. ಯಂತ್ರದಲ್ಲಿ ಒಂದು ತುಂಡು ಮಾಡಿ ತೋರಿಸಿದರೆ ಅವರೂ ಸುಮ್ಮನಾಗುತ್ತಾರೆ, ನನಗೂ ಅಂದಾಜು ಸಿಗುತ್ತದೆ ಎಂದುಕೊಂಡೆ. ಟಾಪ್‌ನ ಹಿಂದಿನ ಮೂಲೆಯಲ್ಲಿ ಒಂದು ಚದರ ಅಡಿಗೆ ಟೇಪ್ ಅಂಟಿಸಿ, ಪ್ಯಾಡನ್ನು ಇದ್ದಲ್ಲೇ ಗಿರ್ರನೆ ತಿರುಗಿಸುವ ರೋಟರಿ ಯಂತ್ರ, ಉಣ್ಣೆಯ ಪ್ಯಾಡ್, ಒರಟಾಗಿ ಉಜ್ಜುವ ರಬ್ಬಿಂಗ್ ಕಾಂಪೌಂಡ್ ಕೊಟ್ಟು ನಮ್ಮ ಹುಡುಗನಿಗೆ ಮಾಡಲು ಹೇಳಿದೆ. ಟಾಪ್ ಹೇಗೂ ಹಾಳಾಗಿದೆ, ಕೆಳಗೆ ನಿಂತವರಿಗೆ ಕಾಣುವುದೂ ಕಡಿಮೆ ಎಂಬ ಲೆಕ್ಕ. ಅದೇ ಅತ್ಯಂತ ತೆಳುವಾದ ಜಾಗ ಎಂದು ಆ ಬೆಳಿಗ್ಗೆ ನಾನೇ ಪುಸ್ತಕದಲ್ಲಿ ಬರೆದಿದ್ದೆ!

ಹತ್ತು ನಿಮಿಷದಲ್ಲಿ ಆ ಚೌಕ ಕನ್ನಡಿಯಾಯಿತು. ಇಟ್ಟಿಗೆ ಪುಡಿಯ ನಡುವೆ ಕಡುಗೆಂಪು ಕಿಟಕಿ ತೆರೆದಂತೆ. ಎಲ್ಲರೂ ಹಿಗ್ಗಿದೆವು, ನಾನು ಫೋಟೋ ತೆಗೆದು ತಮ್ಮನಿಗೆ ಕಳಿಸಿದೆ. ಆಮೇಲೆ ಗೇಜ್ ಇಟ್ಟೆ. ಮೊದಲು 80 ಇದ್ದ ಜಾಗದಲ್ಲಿ 73. ಗೇಜಿನ ಎರಡು ಮೂರು ಮೈಕ್ರಾನ್ ಏರುಪೇರನ್ನು ಕಳೆದರೂ ಒಂದೇ ಸಲಕ್ಕೆ ಹೋದದ್ದು ಬಹಳವಾಯಿತು. ಉಣ್ಣೆಯಲ್ಲಿ ಮೆರೂನ್ ಬಣ್ಣ ಕೆಸರಿನಂತೆ ಕಟ್ಟಿಕೊಂಡಿತ್ತು.

ಅಷ್ಟರಲ್ಲಿ ಫೋನ್ ಬಂತು. ಫೋಟೋ ನೋಡಿದ ತಮ್ಮ. ಮಾತಾಡುತ್ತ ನಾನು ಶೆಡ್ಡಿನಿಂದ ಆಚೆ ಹೋದೆ. ಹುಡುಗ ಉತ್ಸಾಹದಲ್ಲಿದ್ದ. ಕನ್ನಡಿ ಮಾಡಿದ ಕೈ, ಸುಮ್ಮನೆ ಕೂರುವುದೆಂತು? ಬಲಗಡೆಯ ಹಿಂದಿನ ರೆಕ್ಕೆಯ ಮೇಲೆ ಯಂತ್ರ ಇಟ್ಟ. ಪದ್ಮಿನಿಯ ಹಿಂಬದಿಯ ಎರಡೂ ಮಗ್ಗುಲಲ್ಲಿ ಮೇಲಕ್ಕೆ ಏಳುವ ಸಣ್ಣ ರೆಕ್ಕೆಗಳಿವೆಯಲ್ಲ, ಅವುಗಳ ನೆತ್ತಿ ಚೂಪು. ನಾನು ಮರಳಿ ಬರುವ ಹೊತ್ತಿಗೆ ಆ ನೆತ್ತಿಯಲ್ಲಿ ಎರಡು ಅಂಗುಲ ಉದ್ದ, ಬೆಂಕಿಕಡ್ಡಿಯಷ್ಟು ಅಗಲದ ಬೂದು ಗೆರೆ. ಪ್ರೈಮರ್.

ಹುಡುಗನ ತಪ್ಪು ಎಂದು ಬರೆಯಲು ಮನಸ್ಸು ಒಪ್ಪುವುದಿಲ್ಲ. ಪರೀಕ್ಷೆಯ ಚೌಕಕ್ಕೆ ಟೇಪ್ ಅಂಟಿಸಿದ್ದೆ, ಅಂಚುಗಳಿಗೆ ಅಂಟಿಸಿರಲಿಲ್ಲ. ಎಲ್ಲಿ ನಿಲ್ಲಿಸಬೇಕು ಎಂದು ಅವನಿಗೆ ಹೇಳಿರಲಿಲ್ಲ. ನಿಜ ಹೇಳಬೇಕೆಂದರೆ ನಾನೇ ತೀರ್ಮಾನಿಸಿರಲಿಲ್ಲ. ಹೊಳಪು ಬರುವವರೆಗೆ ಎಂಬುದೇ ನಮ್ಮಿಬ್ಬರ ತಲೆಯಲ್ಲೂ ಇದ್ದ ಗುರಿ.

ಸಂಜೆ ಒಡತಿಗೆ ಹೇಳಿದೆ. "ಏನೂ ಮಾಡಬೇಡಿ, ನಾಳೆ ನಾನೇ ಬಂದು ನೋಡುತ್ತೇನೆ" ಎಂದರು.

ನಿಂತ ದಿನ

ಮರುದಿನ ಅಕ್ಕ ತಮ್ಮ ಇಬ್ಬರೂ ಬಂದರು. ತಮ್ಮ ರೆಕ್ಕೆಯ ಗೆರೆಯನ್ನು ಬೆರಳಿಂದ ಸವರಿ, "ಇನ್ನೇನಕ್ಕಾ, ಪೂರ್ತಿ ಪೇಂಟ್ ಮಾಡಿಸುವುದೇ ಸರಿ" ಎಂದರು. ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಬಣ್ಣದಲ್ಲಿ ಜೇಡರ ಬಲೆಯಂಥ ಬಿರುಕುಗಳಿದ್ದರೆ, ಅಡಿಯಲ್ಲಿ ತುಕ್ಕು ಉಬ್ಬಿದ್ದರೆ, ಅಥವಾ ಪ್ರೈಮರ್ ನಾಲ್ಕಾರು ಕಡೆ ಕಾಣುತ್ತಿದ್ದರೆ ನಾನೇ ಪೇಂಟಿಗೆ ಕಳಿಸುತ್ತಿದ್ದೆ. ಯಾವ ಪಾಲಿಶೂ ಬಿರುಕನ್ನು ಮುಚ್ಚುವುದಿಲ್ಲ. ಆದರೆ ಈ ಕಾರಿನಲ್ಲಿ ಬಿರುಕಿರಲಿಲ್ಲ. ಬಣ್ಣ ಬಡವಾಗಿತ್ತು, ಮುರಿದಿರಲಿಲ್ಲ.

ಆ ದಿನ ಅಲ್ಲಿ ಮೂರನೆಯವರೊಬ್ಬರಿದ್ದರು. ನಾನು ಬೆಳಿಗ್ಗೆಯೇ ಹೇಳಿಕಳಿಸಿದ್ದ ಹಳೆಯ ಪೇಂಟಿಂಗ್ ಮೇಸ್ತ್ರಿ. ನಲವತ್ತು ವರ್ಷ ಗನ್ ಹಿಡಿದವರು, ಈಗ ಕೈ ನಡುಗುತ್ತದೆಂದು ಬಿಟ್ಟಿದ್ದಾರೆ. ಅವರು ಟಾಪಿನ ಹೊಳೆಯುವ ಚೌಕವನ್ನು ನೋಡಲೇ ಇಲ್ಲ. ಪಕ್ಕದ ಒಣ ಜಾಗಕ್ಕೆ ಅಂಗೈ ಇಟ್ಟು, "ಬಾಯಾರಿದ ಬಣ್ಣಕ್ಕೆ ಮರಳು ತಿನ್ನಿಸಿದ್ದೀರಿ. ಮೊದಲು ಎಣ್ಣೆ ಕುಡಿಸಿ" ಎಂದರು.

ಬಣ್ಣ ಎಣ್ಣೆ ಕುಡಿದು ಮತ್ತೆ ಜೀವ ತಳೆಯುತ್ತದೆ ಎಂಬ ವಿವರಣೆಯನ್ನು ನಾನು ಒಪ್ಪುವುದಿಲ್ಲ. ಕೆಟ್ಟ ರಾಳವನ್ನು ಯಾವ ಎಣ್ಣೆಯೂ ಮತ್ತೆ ಕಟ್ಟುವುದಿಲ್ಲ. ಆದರೆ ಅವರು ಹೇಳಿದ ಕೆಲಸ ಸರಿ. ಹಳೆಯ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ನೆನಪಿಸಿಕೊಳ್ಳಿ. ಒಣಗಿ ಮಂಕಾದ ನೆಲಕ್ಕೆ ಅಜ್ಜಿಯರು ಕೊಬ್ಬರಿ ಎಣ್ಣೆ ಒರೆಸಿದ ಕೂಡಲೇ ಬಣ್ಣ ಆಳವಾಗುತ್ತಿತ್ತು. ನೆಲದಿಂದ ಏನನ್ನೂ ಕೆರೆದು ತೆಗೆದಿರಲಿಲ್ಲ. ಒರಟು ಮೇಲ್ಮೈಯ ಸಣ್ಣ ಗುಂಡಿಗಳಲ್ಲಿ ಗಾಳಿಯ ಬದಲು ಎಣ್ಣೆ ತುಂಬಿದಾಗ ಬೆಳಕು ದಿಕ್ಕಾಪಾಲಾಗಿ ಚೆದುರುವುದು ಕಡಿಮೆಯಾಗುತ್ತದೆ, ಅಡಿಯ ಬಣ್ಣ ಕಣ್ಣಿಗೆ ಬೀಳುತ್ತದೆ. ಕಾರಿನಲ್ಲಿ ಇನ್ನೂ ಒಂದು ಲಾಭವಿದೆ. ಒಣ ಪುಡಿಯ ಮೇಲೆ ಪ್ಯಾಡ್ ಓಡಿಸಿದರೆ ಅದು ಒಳ್ಳೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಎಣ್ಣೆಯಲ್ಲಿ ನೆನೆದ ಮೇಲೆ ಸತ್ತದ್ದು ಮಾತ್ರ ಸುಲಭವಾಗಿ ಬಿಟ್ಟು ಬರುತ್ತದೆ.

ಆ ಮಧ್ಯಾಹ್ನ ನಾಲ್ವರೂ ಕೂತು ಗಡಿ ಗೊತ್ತುಮಾಡಿದೆವು. ಯಾವ ಭಾಗದಲ್ಲೂ ಇನ್ನು ಐದು ಮೈಕ್ರಾನಿಗಿಂತ ಹೆಚ್ಚು ತೆಗೆಯಬಾರದು. ಟಾಪ್‌ಗೆ ಇನ್ನು ರೋಟರಿ ಮುಟ್ಟಿಸಬಾರದು. ಎಲ್ಲ ಅಂಚು, ಬಾನೆಟ್ಟಿನ ಏಣು, ರೆಕ್ಕೆಗಳ ನೆತ್ತಿಗೆ ಟೇಪ್ ಹಾಕಿ, ಅಲ್ಲಿ ಕೈಯಲ್ಲಿ ಮಾತ್ರ. ಗಡಿ ಮುಟ್ಟಿದಾಗ ಕಾರು ಹೇಗೆ ಕಂಡರೂ ಅಲ್ಲಿಗೆ ನಿಲ್ಲಿಸುವುದು. ತಮ್ಮ ಒಂದು ಷರತ್ತು ಹಾಕಿದರು: ಹತ್ತು ದಿನದಲ್ಲಿ ಕಣ್ಣಿಗೆ ಒಪ್ಪುವಂತಾಗದಿದ್ದರೆ ಕಾರು ಪೇಂಟಿಗೆ. ಒಡತಿ ಅದಕ್ಕೆ ಹೂಂ ಎಂದರು. ಹಾಗೆ ಒಪ್ಪಿಕೊಂಡದ್ದು ಅವರಿಗೆ ಸುಲಭವಾಗಿರಲಿಲ್ಲ ಎಂದು ಮುಖ ಹೇಳುತ್ತಿತ್ತು.

ಎಣ್ಣೆ, ಟರ್ಕಿ ಟವೆಲ್, ಕಾಯುವಿಕೆ

ಹಳೆಯ ಕಾರುಗಳ ಹವ್ಯಾಸಿಗಳಲ್ಲಿ ಮೆಗ್ವಾಯರ್ಸ್ ಕಂಪನಿಯ ಏಳನೇ ನಂಬರಿನ ಗ್ಲೇಜ್ ಈ ಕೆಲಸಕ್ಕೆ ಬಹಳ ಹೆಸರಾದದ್ದು. ನಾವು ಬಳಸಿದ್ದೂ ಅಂಥದೇ ಎಣ್ಣೆಯಂಶ ಹೆಚ್ಚಿರುವ, ಉಜ್ಜುವ ಪುಡಿ ಇಲ್ಲವೆನ್ನುವಷ್ಟು ಕಡಿಮೆಯಿರುವ ಗ್ಲೇಜ್. ಸಿಲಿಕೋನ್ ಇರಬಾರದು ಎಂದು ಪಟ್ಟು ಹಿಡಿದೆ. ರೆಕ್ಕೆಯ ಗೆರೆಗೆ ಮುಂದೆ ಬಣ್ಣ ಹಚ್ಚಲೇಬೇಕಿತ್ತು. ಸಿಲಿಕೋನ್ ಉಳಿದ ಜಾಗದಲ್ಲಿ ಹೊಸ ಬಣ್ಣ ಕೂರದೆ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ.

ಹಳೆಯ ಟರ್ಕಿ ಟವೆಲ್ಲುಗಳನ್ನು ಕತ್ತರಿಸಿಕೊಂಡೆವು. ನಯವಾದ ಮೈಕ್ರೋಫೈಬರ್ ಬಟ್ಟೆಗಿಂತ ಈ ಕೆಲಸಕ್ಕೆ ಹತ್ತಿಯ ಕುಣಿಕೆ ಎಳೆಗಳೇ ಮೇಲು. ಸತ್ತ ಪುಡಿಯನ್ನು ಮೆಲ್ಲಗೆ ಎತ್ತುತ್ತವೆ. ಗ್ಲೇಜನ್ನು ಧಾರಾಳವಾಗಿ ಹಚ್ಚಿ, ಕೈಯಲ್ಲಿ ಒತ್ತಿ ಉಜ್ಜಿ, ಒರೆಸದೆ ರಾತ್ರಿಯಿಡೀ ಬಿಟ್ಟೆವು. ಬೆಳಿಗ್ಗೆ ಒರೆಸಿದರೆ ಟವೆಲ್ ಕಡುಗೆಂಪು. ಮತ್ತೆ ಹಚ್ಚಿದೆವು. ಎರಡನೆಯ ಬೆಳಿಗ್ಗೆ ಕೆಂಪು ಸ್ವಲ್ಪ ತಿಳಿಯಾಯಿತು. ಮೂರನೆಯ ಬೆಳಿಗ್ಗೆ ಗುಲಾಬಿ. ಮೂರು ದಿನದ ಟವೆಲ್ಲುಗಳನ್ನು ಹುಡುಗ ಹಗ್ಗದ ಮೇಲೆ ಸಾಲಾಗಿ ಒಣಹಾಕಿದ್ದ. ನನಗೆ ಗೇಜಿಗಿಂತ ಹೆಚ್ಚು ಧೈರ್ಯ ಕೊಟ್ಟದ್ದು ಆ ಹಗ್ಗ. ಗೇಜ್ ಕೂಡ ಮೂರೂ ದಿನ ತನ್ನ ಏರುಪೇರಿನೊಳಗೇ ಇತ್ತು.

ಈ ಕೆಲಸವೆಲ್ಲ ಒದ್ದೆಯಲ್ಲೇ ನಡೆಯಿತು. ಹಳೆಯ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ಸೀಸದ ಸಂಯುಕ್ತಗಳು ಇರುವುದುಂಟು. ಒಣ ಎಮರಿ ಪೇಪರ್ ಹಿಡಿದು ಇಂಥ ಕಾರಿನ ಮೇಲೆ ಧೂಳೆಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಮಾಸ್ಕ್, ಕೈಗವಸು, ಊಟಕ್ಕೆ ಮುಂಚೆ ಸೋಪು. ಟವೆಲ್ಲುಗಳು ಮನೆಯ ಬಟ್ಟೆಯ ಜೊತೆ ಹೋಗಬಾರದು.

ನಾಲ್ಕನೆಯ ದಿನ ಯಂತ್ರ ಬಂತು, ಈ ಸಲ ರೋಟರಿ ಅಲ್ಲ, ಡಿಎ, ಅಂದರೆ ಡ್ಯುಯಲ್ ಆ್ಯಕ್ಷನ್. ಪ್ಯಾಡ್ ತಿರುಗುತ್ತಲೇ ಅಲುಗಾಡುವುದರಿಂದ ಒಂದೇ ಕಡೆ ಬಿಸಿ ಏರುವುದಿಲ್ಲ. ಮೆತ್ತನೆಯ ಫೋಮ್ ಪ್ಯಾಡ್, ಸಣ್ಣ ಕಣದ ಪಾಲಿಶ್, ಕಡಿಮೆ ವೇಗ, ಪ್ರತಿ ಭಾಗಕ್ಕೆ ಎರಡೇ ಸುತ್ತು. ಅರ್ಧ ಬಾನೆಟ್ ಆಗುವಷ್ಟರಲ್ಲಿ ಪ್ಯಾಡ್ ಬಣ್ಣದಿಂದ ತುಂಬಿ ಉಜ್ಜುವ ಗುಣ ಕಳೆದುಕೊಳ್ಳುತ್ತಿತ್ತು. ಒಂಬತ್ತು ಪ್ಯಾಡ್‌ಗಳನ್ನು ಸುತ್ತಿಗೊಂದರಂತೆ ತೊಳೆದು ಬದಲಿಸುತ್ತ ಕೆಲಸ ಮಾಡಿದೆವು. ಬಾನೆಟ್ಟಿನಲ್ಲಿ ಹೋದದ್ದು ಎರಡರಿಂದ ಮೂರು ಮೈಕ್ರಾನ್. ಎಡಪಕ್ಕಕ್ಕೆ ಒಂದೇ ಸುತ್ತು ಸಾಕಾಯಿತು. ಟಾಪ್‌ಗೆ ಒಂದು ಸುತ್ತು, ಅದೂ ನಾನೇ.

ಚಾಲಕನ ಬಾಗಿಲಿಗೆ ಯಂತ್ರ ಮುಟ್ಟಿಸಲಿಲ್ಲ. ಎನ್‌ಸಿ ಬಣ್ಣ ಬಿಸಿಗೆ ಮೆತ್ತಗಾಗಿ ಗೆರೆ ಹಿಡಿಯುತ್ತದೆ. ಕೈಯಲ್ಲಿಯೇ ಉಜ್ಜಿದಾಗ ಅದು ಮೈಗಿಂತ ಹೆಚ್ಚೇ ಹೊಳೆಯಿತು, ಪುಟ್ಟಿ ಕುಗ್ಗಿದ ಅಂಚೂ ಹೊಳಪಿನಲ್ಲಿ ಎದ್ದು ಕಂಡಿತು. ತಮ್ಮ ಆ ಬಾಗಿಲಿಗಾದರೂ ಮೈಬಣ್ಣ ಹೊಡೆಸೋಣ ಎಂದರು. ಒಡತಿ ಒಪ್ಪಲಿಲ್ಲ. ಈ ವಿಷಯದಲ್ಲಿ ನಾನು ಒಡತಿಯ ಪಕ್ಷ: ಹೊಸದಾಗಿ ಹೊಡೆದ ಬಣ್ಣವೂ ಬಿಸಿಲಿಗೆ ಬಳಲಿದ ಮೈಗೆ ಹೊಂದುವುದಿಲ್ಲ, ಆಗ ಅದು ಮೂರನೆಯ ಛಾಯೆಯಾಗುತ್ತದೆ ಅಷ್ಟೇ.

ಮೋಡದ ಕಲೆಗಳು

ಎಂಟನೆಯ ದಿನ ಕಾರು ಚೆನ್ನಾಗಿತ್ತು, ಟಾಪ್‌ನ ಮಧ್ಯದ ಎರಡು ಕಡೆ ಬಿಟ್ಟರೆ. ಅಲ್ಲಿ ಮೋಡದಂಥ ತಿಳಿ ಕಲೆಗಳು ಉಳಿದಿದ್ದವು. ಬಣ್ಣ ಆಳದವರೆಗೆ ಒಣಗಿದ ಜಾಗ. ಗೇಜ್ 75 ತೋರಿಸಿತು. ಮೊದಲ ದಿನ ಅದೇ ಜಾಗ 77 ಇತ್ತು.

ಇನ್ನೊಂದೇ ಒಂದು ಸುತ್ತು ಎಂದು ಹುಡುಗ ಕೇಳಿದ. ನನಗೂ ಕೈ ತುರಿಸುತ್ತಿತ್ತು. ಗಡಿಯ ಲೆಕ್ಕದಲ್ಲಿ ಇನ್ನೂ ಮೂರು ಮೈಕ್ರಾನ್ ಇತ್ತು. ಆದರೆ ಗೇಜ್ ಹೇಳುವ 75ರಲ್ಲಿ ಮೆರೂನ್ ಎಷ್ಟು, ಬೂದು ಎಷ್ಟು ಎಂಬುದು ಅದೇ ಕಾರಿನ ರೆಕ್ಕೆ ಆಗಲೇ ತೋರಿಸಿಕೊಟ್ಟಂತೆ ಯಾರಿಗೂ ಗೊತ್ತಿರಲಿಲ್ಲ. ಒಡತಿಯನ್ನು ಕರೆಸಿ, ಮಧ್ಯಾಹ್ನದ ಬೆಳಕಿನಲ್ಲಿ ಏಣಿಯ ಮೇಲೆ ನಿಲ್ಲಿಸಿ ಕಲೆಗಳನ್ನು ತೋರಿಸಿದೆ. ಕೆಳಗೆ ನಿಂತು ನೋಡಿದರೆ ಕಾಣುವುದಿಲ್ಲ, ಮಹಡಿಯ ಮೇಲಿಂದ ಫೋಟೋ ತೆಗೆದರೆ ಕಾಣುತ್ತವೆ ಎಂದು ಮುಚ್ಚಿಡದೆ ಹೇಳಿದೆ. "ಮದುವೆ ಮನೆಯಲ್ಲಿ ಮಹಡಿ ಹತ್ತಿ ಕಾರು ನೋಡುವವರು ಯಾರು?" ಎಂದು ಇಳಿದರು. ಅಲ್ಲಿಗೆ ಯಂತ್ರದ ಪ್ಲಗ್ ತೆಗೆದೆವು.

ರೆಕ್ಕೆಯ ಗೆರೆಯನ್ನು ಹಾಗೇ ಬಿಡುವಂತಿರಲಿಲ್ಲ. ಪ್ರೈಮರ್ ತೇವ ಹೀರುತ್ತದೆ. ಮಲೆನಾಡಿನ ಗಾಳಿಯಲ್ಲಿ ಒಂದು ಮಳೆಗಾಲ ಕಳೆದರೆ ತಗಡಿಗೆ ತುಕ್ಕು ಮುಟ್ಟುತ್ತದೆ. ಮೇಸ್ತ್ರಿಯವರು ಎಡಪಕ್ಕದ ಬಣ್ಣ ನೋಡಿ ಎನಾಮಲ್ ಬೆರೆಸಿ, ನಡುಗುವ ಕೈಗೆ ಇನ್ನೊಂದು ಕೈ ಆನಿಸಿಕೊಂಡು ಸಣ್ಣ ಕುಂಚದಿಂದ ಎರಡು ಕೋಟ್ ಎಳೆದರು. ಒಂದು ವಾರ ಒಣಗಿಸಿ, 2000 ನಂಬರಿನ ವಾಟರ್ ಪೇಪರಿನಲ್ಲಿ ಸಮ ಮಾಡಿದೆವು. ಒಂದು ಮೊಳ ದೂರದಿಂದ ನೋಡಿದರೆ ಈಗಲೂ ತಿಳಿಯುತ್ತದೆ. ಕೊನೆಗೆ ಇಡೀ ಕಾರಿಗೆ ಕಾರ್ನೌಬಾ ಮೇಣದ ವ್ಯಾಕ್ಸ್.

ಮದುವೆಗೆ ಕಾರು ಹೋಯಿತು. ತಮ್ಮ ಕಳಿಸಿದ ಫೋಟೋಗಳಲ್ಲಿ ಬಾನೆಟ್ ತುಂಬ ಸೇವಂತಿಗೆ ಹಾರ. ಹೂವಿನ ದಾರ ವ್ಯಾಕ್ಸಿನ ಮೇಲೆ ಗೆರೆ ಎಳೆದಿರುತ್ತದೆ ಎಂದು ನನಗೆ ಆ ಚಿತ್ರ ನೋಡುವಾಗಲೂ ಕಳವಳ. ವೃತ್ತಿಯ ರೋಗ.

ಹದಿನಾಲ್ಕು ತಿಂಗಳ ನಂತರ

ಇಂಥ ಕೆಲಸದ ನಿಜವಾದ ಫಲಿತಾಂಶ ಕೊಟ್ಟ ದಿನದ ಫೋಟೋದಲ್ಲಿ ಇರುವುದಿಲ್ಲ ಎಂಬ ಕಾರಣಕ್ಕೆ, ಮುಂದಿನ ವರ್ಷ ಕಾರನ್ನು ಒಮ್ಮೆ ತರಿಸಿಕೊಂಡೆ. ಈ ಸಲ ಅದು ತನ್ನ ಚಕ್ರಗಳ ಮೇಲೆಯೇ ಬಂತು.

ಬಾಗಿಲುಗಳು, ಮಡ್‌ಗಾರ್ಡ್‌ಗಳು ಚೆನ್ನಾಗಿದ್ದವು. ರೆಕ್ಕೆಯ ತೇಪೆ ಗಟ್ಟಿಯಾಗಿತ್ತು, ತುಕ್ಕಿಲ್ಲ. ಟಾಪ್ ಮತ್ತೆ ತುಸು ಮಂಕಾಗಿತ್ತು, ಮೋಡಗಳು ಮೊದಲಿಗಿಂತ ದೊಡ್ಡದಾಗಿ ಕಾಣುತ್ತಿದ್ದವು. ವಿಚಾರಿಸಿದಾಗ, ತಿಂಗಳಿಗೊಮ್ಮೆ ಬರುವ ಡ್ರೈವರ್ ಬಟ್ಟೆ ಒಗೆಯುವ ಪುಡಿಯಲ್ಲಿ ಕಾರು ತೊಳೆಯುತ್ತಿದ್ದನೆಂದು ತಿಳಿಯಿತು. ವ್ಯಾಕ್ಸೂ ಎಣ್ಣೆಯೂ ಆ ನೊರೆಯ ಜೊತೆ ಮೋರಿ ಸೇರಿದ್ದವು.

ಅದಕ್ಕಿಂತ ನನಗೆ ನೋವಾದದ್ದು ಬಾನೆಟ್. ಮಳೆಗಾಲದ ಮೂರು ತಿಂಗಳು ಕಾರಿನ ಮೇಲೆ ಪ್ಲಾಸ್ಟಿಕ್ ಟಾರ್ಪಾಲ್ ಬಿಗಿಯಾಗಿ ಹೊದಿಸಿದ್ದರು, ಒಳ್ಳೆಯದಕ್ಕೆಂದೇ. ಅಡಿಯಲ್ಲಿ ತೇವ ಕಟ್ಟಿ, ಮೇಲ್ಮೈ ಅಲ್ಲಲ್ಲಿ ಬೆಳ್ಳಗೆ ಬೂಸ್ಟು ಹಿಡಿದಂತೆ ಮಂಕಾಗಿತ್ತು, ಒಂದೆಡೆ ಸಾಸಿವೆ ಕಾಳಿನಷ್ಟು ಎರಡು ಗುಳ್ಳೆ. ಗಾಳಿಯಾಡುವ ಬಟ್ಟೆಯ ಹೊದಿಕೆ ಬೇಕು, ಟಾರ್ಪಾಲ್ ಬೇಡ ಎಂದು ನಾನು ಹೇಳಿದ್ದೆನೇ? ಹೇಳಿದ್ದೇನೆ ಎಂದೇ ನೆನಪು. ಒಡತಿಗೆ ನೆನಪಿಲ್ಲ. ಬರೆದು ಕೊಟ್ಟಿರಲಿಲ್ಲವಾದ್ದರಿಂದ ಈ ವಾದದಲ್ಲಿ ನಾನು ಸೋತಂತೆಯೇ. ಆಗಿನಿಂದ ಹಳೆಯ ಬಣ್ಣದ ಪ್ರತಿ ಕಾರಿನ ಜೊತೆ ಒಂದು ಹಾಳೆ ಹೋಗುತ್ತದೆ: ಪ್ರತಿ ಭಾಗದ ಗೇಜ್ ಅಳತೆ, ತೆಗೆದ ಮೈಕ್ರಾನ್, ಇನ್ನು ಯಂತ್ರ ಮುಟ್ಟಿಸಬಾರದ ಜಾಗಗಳು, ತೊಳೆಯುವ ಶಾಂಪೂ, ಹೊದಿಕೆ. ಮುಂದೆ ಯಾರ ಕೈಗೆ ಕಾರು ಹೋದರೂ, ನಾವು ಎಷ್ಟು ತಿಂದಿದ್ದೇವೆ ಎಂದು ಅವರಿಗೆ ಗೊತ್ತಿರಬೇಕು. ಕೆಲಸ ಶುರುವಾಗುವ ಮೊದಲು ಗಡಿಯನ್ನು ಟೇಪಿನ ಮೇಲೆಯೇ ಪೆನ್ನಿನಿಂದ ಬರೆದು ಅಂಟಿಸುತ್ತೇವೆ. ಟೇಪ್ ಅಂಟಿಸದ ಕಾರಿಗೆ ಹುಡುಗ ಈಗ ಯಂತ್ರ ಮುಟ್ಟಿಸುವುದಿಲ್ಲ, ನಾನು ಹೇಳಿದರೂ.

ಗುಳ್ಳೆಗಳನ್ನು ಮೇಸ್ತ್ರಿಯವರಿಗೆ ತೋರಿಸಿ ಹಾಗೇ ಬಿಟ್ಟೆವು, ಮುಂದಿನ ಬೇಸಿಗೆಯಲ್ಲಿ ನೋಡುವುದೆಂದು. ಟಾಪ್‌ಗೆ ಗೇಜ್ ಇಟ್ಟಾಗ 75, ಬಿಟ್ಟುಹೋದಾಗ ಇದ್ದಷ್ಟೇ. ಒಡತಿ ತಮ್ಮ ಚೀಲದಿಂದ ಒಂದು ಟರ್ಕಿ ಟವೆಲ್ ತೆಗೆದರು, ಮನೆಯಿಂದಲೇ ತಂದಿದ್ದರು. ಒಂದು ಬದಿ ಅವರು, ಇನ್ನೊಂದು ಬದಿ ಹುಡುಗ ನಿಂತು ಟಾಪ್‌ಗೆ ಗ್ಲೇಜ್ ಹಚ್ಚತೊಡಗಿದರು. ಅವರ ಕೈಯ ಟವೆಲ್ಲಿಗೆ ಹತ್ತಿದ ಬಣ್ಣ ತಿಳಿ ಗುಲಾಬಿಯಾಗಿತ್ತು.